ಜಮ್‌ಷೇಟ್‌ಜಿ ತಾತಾ ಮತ್ತು ದೇಶದ ಸಂಪತ್ತು

ಸಂಪತ್ತಿನ ಉತ್ಪಾದನೆಗೆ ಭೂಮಿ, ಶ್ರಮ, ಬಂಡವಾಳ, ಸಂಘಟನೆ ಎಂಬ ನಾಲ್ಕು ಅಂಗಗಳುಂಟೆಂದು ಅರ್ಥಶಾಸ್ತ್ರದ ಮೊದಲನೆಯ ಪಾಠದಲ್ಲಿಯೇ ನಮಗೆ ಹೇಳಿಕೊಡುತ್ತಾರೆ. ಪರೀಕ್ಷೆಯಲ್ಲಿ ಈ ನಾಲ್ಕನ್ನೂ ಸರಿಯಾಗಿ ಬರೆದವನಿಗೆ ಪೂರ್ಣಾಂಕಗಳು ದೊರೆಯುತ್ತವೆ. ಆದರೆ ವಿದ್ಯೆಯು ಈ ನಾಲ್ಕರಲ್ಲಿ ಯಾವುದರ ಮನೆಗೆ ಸೇರಿದ್ದು? ಈ ಪ್ರಶ್ನೆ ನನ್ನನ್ನು ಬಹಳ ದಿನಗಳಿಂದ ಕಾಡಿದೆ. ಬೆಟ್ಟದಲ್ಲಿ ಅದಿರು ಯುಗಯುಗಗಳಿಂದ ಬಿದ್ದಿದ್ದರೂ ಅದರ ಗುಣವನ್ನೂ ಪ್ರಮಾಣವನ್ನೂ ಅಳೆದು ಹೇಳಬಲ್ಲವನು ಬರುವ ತನಕ ಅದರಿಂದ ರೈಲುಕಂಬಿ ಹುಟ್ಟುವುದಿಲ್ಲ. ಘಟ್ಟದ ಮೇಲೆ ಸುರಿದ ಮಳೆಯು ಪ್ರತಿವರ್ಷವೂ ಸಮುದ್ರಕ್ಕೆ ಹರಿದುಹೋಗುತ್ತಿದ್ದರೂ ಅದನ್ನು ತಡೆದು ನಿಲ್ಲಿಸಿ ಲೆಕ್ಕ ಹಾಕಬಲ್ಲವನು ಬರುವ ತನಕ ಅದರಿಂದ ಒಂದು ದೀಪವೂ ಉರಿಯುವುದಿಲ್ಲ. ಭೂಮಿ ಇದ್ದೂ ಶ್ರಮವಿದ್ದೂ ಬಂಡವಾಳವಿದ್ದೂ ದೇಶವು ಬಡವಾಗಿಯೇ ಉಳಿಯಬಹುದು. ಈ ವಿಷಯವನ್ನು ಸಿದ್ಧಾಂತದ ಮಾತಿನಲ್ಲಿ ಚರ್ಚಿಸುವುದಕ್ಕಿಂತ ಒಬ್ಬ ಮನುಷ್ಯನ ಬಾಳಿನಲ್ಲಿ ಕಾಣುವುದು ಮೇಲೆಂದು ನನಗೆ ತೋರಿತು. ಆದುದರಿಂದ ಜಮ್‌ಷೇಟ್‌ಜಿ ತಾತಾ ಅವರ ಚರಿತ್ರೆಯನ್ನು ಇಲ್ಲಿ ಬರೆಯಲು ತೊಡಗಿದ್ದೇನೆ. ಅವರ ಹೆಸರನ್ನು ಕೇಳದವರು ನಮ್ಮಲ್ಲಿ ಯಾರೂ ಇಲ್ಲ. ಉಪ್ಪಿನ ಪೊಟ್ಟಣದಿಂದ ಲಾರಿಯವರೆಗೆ ಆ ಹೆಸರಿದೆ. ಆದರೆ ಅವರು ಹಣವನ್ನು ಯಾವುದಕ್ಕಾಗಿ ಬಯಸಿದರೆಂಬುದನ್ನು ಬಲ್ಲವರು ಕಡಮೆ.

1839ನೆಯ ಇಸವಿಯ ಮಾರ್ಚಿ 3ರಂದು ಗುಜರಾತಿನ ನವಸಾರಿಯಲ್ಲಿ ಜಮ್‌ಷೇಟ್‌ಜಿಯವರು ಜನಿಸಿದರು. ಆ ಊರು ಆಗ ಬಡೋದೆಯ ಗಾಯಕವಾಡರ ಸೀಮೆಗೆ ಸೇರಿದ್ದಿತು. ಮನೆತನವು ಪಾರ್ಸಿ ಪುರೋಹಿತರದು. ತಲೆತಲಾಂತರದಿಂದ ಬಂದ ಪೌರೋಹಿತ್ಯವನ್ನು ಬಿಟ್ಟು ಮೊದಲು ವ್ಯಾಪಾರಕ್ಕೆ ಇಳಿದವರು ತಂದೆ ನಸರ್‌ವಾನ್‌ಜಿ. ಅವರು ಬೊಂಬಾಯಿಯಲ್ಲಿ ನೆಲೆಯೂರಿದ ಮೇಲೆ ಮಗನನ್ನು ಎಳೆಯ ವಯಸ್ಸಿನಲ್ಲಿಯೇ ಅಲ್ಲಿಗೆ ಕರೆಸಿಕೊಂಡು ಎಲ್ಫಿನ್‌ಸ್ಟನ್ ಕಾಲೇಜಿಗೆ ಸೇರಿಸಿದರು. 1858ರಲ್ಲಿ ಅವರ ವ್ಯಾಸಂಗ ಮುಗಿಯಿತು. ಅಲ್ಲಿ ಅವರು ಕಲಿತದ್ದು ಯಂತ್ರಶಾಸ್ತ್ರವನ್ನಲ್ಲ, ಲೋಹಶಾಸ್ತ್ರವನ್ನೂ ಅಲ್ಲ. ನಮ್ಮಂತೆಯೇ ಸಾಹಿತ್ಯ ಮತ್ತು ಸಾಮಾನ್ಯ ವಿದ್ಯೆಯನ್ನು. ಡಿಕನ್ಸ್ ಮತ್ತು ಥ್ಯಾಕರೆಯವರ ಕಾದಂಬರಿಗಳ ಮೇಲಿನ ಪ್ರೀತಿ ಅವರಿಗೆ ಕೊನೆಯವರೆಗೂ ಉಳಿದಿತ್ತು. ಕಲಾಶಾಖೆಯ ವಿದ್ಯಾರ್ಥಿಗಳನ್ನು ಕಂಡು ಮೂಗು ಮುರಿಯುವ ನಮ್ಮ ವಿಜ್ಞಾನದ ಗೆಳೆಯರು ಈ ಸಂಗತಿಯನ್ನು ದಯವಿಟ್ಟು ಗಮನಿಸಬೇಕು!

ಮೊದಲಿನ ಹತ್ತು ವರ್ಷಗಳ ವ್ಯಾಪಾರದಲ್ಲಿ ಹೇಳಿಕೊಳ್ಳುವಂಥದು ಹೆಚ್ಚಿಲ್ಲ. ತಂದೆಯ ಕೋಠಿಯ ಪರವಾಗಿ 1859ರಲ್ಲಿ ಅವರು ಹಾಂಗ್‌ಕಾಂಗಿಗೆ ಹೋದರು. ಆ ಕಾಲದಲ್ಲಿ ಬೊಂಬಾಯಿಯಿಂದ ಚೀನಕ್ಕೆ ಹೋಗುತ್ತಿದ್ದ ಸರಕು ಹತ್ತಿ ಮತ್ತು ಅಫೀಮು. ಈ ಎರಡನೆಯದರ ಹೆಸರನ್ನು ಜೀವನಚರಿತ್ರೆಗಳಲ್ಲಿ ಮೆಲ್ಲಗೆ ದಾಟಿಬಿಡುವ ಪದ್ಧತಿಯುಂಟು. ಅದನ್ನು ಮುಚ್ಚಿಡುವುದರಿಂದ ಯಾರ ಗೌರವವೂ ಹೆಚ್ಚುವುದಿಲ್ಲವೆಂದು ನನ್ನ ಭಾವನೆ. ಅಷ್ಟರಲ್ಲಿ ಅಮೆರಿಕದ ಅಂತರ್ಯುದ್ಧ ಮೊದಲಾಗಿ ಅಲ್ಲಿನ ಹತ್ತಿಯು ಇಂಗ್ಲೆಂಡಿಗೆ ಬರುವುದು ನಿಂತಿತು. ಬೊಂಬಾಯಿಯ ಹತ್ತಿಗೆ ಬಂಗಾರದ ಬೆಲೆ ಬಂದಿತು. 1865ರಲ್ಲಿ ಯುದ್ಧ ಮುಗಿದೊಡನೆ ಆ ಬೆಲೆ ಕುಸಿದುಬಿದ್ದು ಊರಿಗೆ ಊರೇ ದಿವಾಳಿಯೆದ್ದಿತು. ಆಗ ಲಂಡನ್ನಿನಲ್ಲಿದ್ದ ಜಮ್‌ಷೇಟ್‌ಜಿಯವರು ಸಾಲಗಾರರಿಗೆ ಇದ್ದದ್ದನ್ನು ಇದ್ದಂತೆ ಹೇಳಿ ಮಾನ ಉಳಿಸಿಕೊಂಡರು. ಕೊಳ್ಳುವುದು ಮಾರುವುದು ಎಂಬುದಷ್ಟೇ ವ್ಯಾಪಾರವಾದರೆ ಅದು ಬೇರೆ ಯಾರದೋ ಯುದ್ಧದ ಮೇಲೆ ನಿಂತ ಮನೆಯೆಂಬ ಪಾಠವು ಅವರಿಗೆ ಇಪ್ಪತ್ತಾರನೆಯ ವಯಸ್ಸಿನಲ್ಲಿಯೇ ದೊರೆಯಿತು.

1868ರಲ್ಲಿ 21,000 ರೂಪಾಯಿಗಳ ಮೂಲಧನದಿಂದ ಅವರು ಸ್ವಂತ ಕೋಠಿಯನ್ನು ತೆರೆದರು. ಮರುವರ್ಷ ಬೊಂಬಾಯಿಯ ಚಿಂಚಪೋಕ್ಲಿಯಲ್ಲಿ ಮುಚ್ಚಿಹೋಗಿದ್ದ ಒಂದು ಎಣ್ಣೆಗಿರಣಿಯನ್ನು ಕೊಂಡು ಹತ್ತಿಯ ಗಿರಣಿಯನ್ನಾಗಿ ಮಾರ್ಪಡಿಸಿ ಎರಡು ವರ್ಷಗಳಲ್ಲಿ ಲಾಭಕ್ಕೆ ಮಾರಿದರು. ಕೈಗೆ ಹಣ ಬಂದಮೇಲೆ ಅವರು ಮಾಡಿದ ಕೆಲಸವನ್ನು ನೋಡಿರಿ: ಪುನಃ ಇಂಗ್ಲೆಂಡಿಗೆ ಹೋದರು, ಈ ಸಲ ಸರಕು ಮಾರುವುದಕ್ಕಲ್ಲ, ಲ್ಯಾಂಕಷೈರಿನ ಗಿರಣಿಗಳಲ್ಲಿ ನೂಲು ಹೇಗೆ ಆಗುತ್ತದೆಂಬುದನ್ನು ಕಣ್ಣಾರೆ ನೋಡಿ ಕಲಿಯುವುದಕ್ಕೆ.

ಹಿಂದಿರುಗಿ ಬಂದವರು ಗಿರಣಿಯನ್ನು ಬೊಂಬಾಯಿಯಲ್ಲಿ ಕಟ್ಟಲಿಲ್ಲ. ಎಲ್ಲರೂ ಅಲ್ಲಿಯೇ ಕಟ್ಟುತ್ತಿದ್ದರು. ಹಣವಂತರಿದ್ದುದೂ ಬಂದರಿದ್ದುದೂ ಅಲ್ಲಿಯೇ. ಆದರೆ ಹತ್ತಿ ಬೆಳೆಯುತ್ತಿದ್ದುದು ಮಧ್ಯಪ್ರಾಂತದಲ್ಲಿ. ವರೋರದ ಕಲ್ಲಿದ್ದಲು ಹತ್ತಿರ, ರೈಲುಮಾರ್ಗ ಹತ್ತಿರ, ಬಟ್ಟೆ ಕೊಳ್ಳುವ ಪೇಟೆಯೂ ಹತ್ತಿರ. ಹೀಗೆ ಲೆಕ್ಕ ಹಾಕಿ ಅವರು ನಾಗಪುರವನ್ನು ಆರಿಸಿದರು. ಅಲ್ಲಿನ ಜವುಗು ನೆಲವನ್ನು ಮಣ್ಣು ಹಾಕಿ ತುಂಬಿಸುತ್ತಿದ್ದಾಗ ಊರಿನ ಒಬ್ಬ ಸಾಹುಕಾರನು ಇದು ಚಿನ್ನವನ್ನು ಮಣ್ಣಿನಲ್ಲಿ ಹೂಳುವ ಕೆಲಸವೆಂದು ಹಣ ಕೊಡಲು ಒಪ್ಪಲಿಲ್ಲವೆಂದು ಹೇಳುವುದುಂಟು. 1874ರಲ್ಲಿ 15 ಲಕ್ಷ ರೂಪಾಯಿ ಬಂಡವಾಳದ ಕಂಪೆನಿ ಸ್ಥಾಪನೆಯಾಯಿತು. 1877ರ ಜನವರಿ 1ರಂದು, ವಿಕ್ಟೋರಿಯಾ ರಾಣಿಯು ಭಾರತದ ಚಕ್ರವರ್ತಿನಿಯೆಂದು ಘೋಷಿತಳಾದ ದಿನವೇ, ಎಂಪ್ರೆಸ್ ಗಿರಣಿಯು ಕೆಲಸ ಮೊದಲುಮಾಡಿತು.

ಈ ಗಿರಣಿಯ ವಿಷಯದಲ್ಲಿ ಸ್ವಲ್ಪ ನಿಂತು ಹೇಳಬೇಕಾದ ಮಾತಿದೆ. ಮೊದಲು ತರಿಸಿದ ಯಂತ್ರಗಳು ಚೆನ್ನಾಗಿರಲಿಲ್ಲ. ನೂಲು ಇಳಿಯಲಿಲ್ಲ, ಲಾಭವೂ ಇಳಿಯಿತು. ಜಮ್‌ಷೇಟ್‌ಜಿಯವರು ಹಳೆಯ ಯಂತ್ರಗಳನ್ನು ತೆಗೆಸಿ ಉತ್ತಮವಾದುವನ್ನು ಹಾಕಿಸಿದರು. ಆ ಸಮಯದಲ್ಲಿ ಅಮೆರಿಕದಲ್ಲಿ ರಿಂಗ್ ಕದಿರು ಎಂಬ ಹೊಸ ಬಗೆಯ ಕದಿರು ಬಳಕೆಗೆ ಬಂದಿತ್ತು. ಹಳೆಯ ಕದಿರಿಗಿಂತ ಇದು ವೇಗವಾಗಿ ತಿರುಗುವುದು, ನಡೆಸುವವನಿಗೆ ಶ್ರಮವೂ ಕಡಮೆ. ಶತಮಾನದಿಂದ ಹಳೆಯ ಕದಿರಿನಲ್ಲಿಯೇ ಹಣ ಮಾಡಿಕೊಂಡಿದ್ದ ಲ್ಯಾಂಕಷೈರು ಈ ಹೊಸದನ್ನು ನಂಬಲಿಲ್ಲ. ಜಮ್‌ಷೇಟ್‌ಜಿಯವರು 1883ರ ಸುಮಾರಿಗೆ ನಾಗಪುರದಲ್ಲಿ ಅದನ್ನು ಪ್ರಯೋಗಮಾಡಿ ನೋಡಿ, ಫಲ ಕಂಡೊಡನೆ ಗಿರಣಿಯಲ್ಲಿ ಅದನ್ನೇ ನೆಲೆಗೊಳಿಸಿದರು. ಇಂಗ್ಲೆಂಡಿನ ಎಷ್ಟೋ ಗಿರಣಿಗಳಿಗಿಂತ ಮೊದಲು ಹೊಸ ತಂತ್ರವು ಬಂದದ್ದು ಮಧ್ಯಪ್ರಾಂತದ ಒಂದು ಊರಿಗೆ! ಹಿಂದುಳಿದ ದೇಶವು ಮುಂದುವರಿದ ದೇಶವನ್ನು ಹಿಂಬಾಲಿಸಿಯೇ ನಡೆಯಬೇಕೆಂಬ ನಿಯಮವಿಲ್ಲವೆಂಬುದಕ್ಕೆ ನನಗೆ ಇದಕ್ಕಿಂತ ಒಳ್ಳೆಯ ನಿದರ್ಶನ ತಿಳಿಯದು. ಗಿರಣಿಯ ಆಡಳಿತವನ್ನು ಅವರು ವಹಿಸಿದ್ದು ಬೇಜನ್‌ಜಿ ಮೆಹತಾ ಎಂಬವರಿಗೆ. ರೈಲ್ವೆಯ ಸರಕು ವಿಭಾಗದಲ್ಲಿದ್ದ ಆತನಿಗೆ ನೂಲಿನ ಕೆಲಸ ಗೊತ್ತೇ ಇರಲಿಲ್ಲ. ಕಲಿಯಬಲ್ಲವನನ್ನು ಗುರುತಿಸುವುದೇ ಜಮ್‌ಷೇಟ್‌ಜಿಯವರ ದೊಡ್ಡ ವಿದ್ಯೆಯಾಗಿದ್ದಿತು. ಸರಕಾರದ ಕಾನೂನು ಇನ್ನೂ ಹುಟ್ಟದಿದ್ದ ಕಾಲದಲ್ಲಿ, 1886ರಲ್ಲಿ ಕೆಲಸಗಾರರಿಗಾಗಿ ನಿವೃತ್ತಿವೇತನದ ನಿಧಿಯನ್ನೂ 1895ರಲ್ಲಿ ಅಪಘಾತ ಪರಿಹಾರವನ್ನೂ ಅಲ್ಲಿ ಏರ್ಪಡಿಸಿದರು.

ಎಲ್ಲವೂ ಕೈಗೂಡಿತೆಂದು ತಿಳಿಯಬಾರದು. 1886ರಲ್ಲಿ ಕುರ್ಲಾದಲ್ಲಿ ಹಾಳುಬಿದ್ದಿದ್ದ ಗಿರಣಿಯೊಂದನ್ನು ಕೊಂಡು ಸ್ವದೇಶಿ ಎಂದು ಹೆಸರಿಟ್ಟು ನಡೆಸಹೋಗಿ ಕೆಲವು ವರ್ಷ ಬಹಳ ತೊಂದರೆಪಟ್ಟರು. 1893ರಲ್ಲಿ ಜಪಾನಿನ ಹಡಗು ಕಂಪೆನಿಯೊಡನೆ ಸೇರಿ ಆಂಗ್ಲರ ಪಿ. ಅಂಡ್ ಓ. ಕಂಪೆನಿಯ ದುಬಾರಿ ಬಾಡಿಗೆಗೆ ಎದುರುನಿಂತು ಸೋತರು. ಈಜಿಪ್ಟಿನ ಉದ್ದನೆಯ ಎಳೆಯ ಹತ್ತಿಯನ್ನು ನಮ್ಮ ದೇಶದಲ್ಲಿ ಬೆಳೆಸಬೇಕೆಂದು ಮಾಡಿದ ಪ್ರಯತ್ನವೂ ಅವರ ಎಣಿಕೆಯಂತೆ ಹಬ್ಬಲಿಲ್ಲ. ಬೆಂಗಳೂರಿನಲ್ಲಿ ಮೈಸೂರು ಸರಕಾರದ ನೆರವಿನಿಂದ ರೇಷ್ಮೆಯ ತೋಟವೊಂದನ್ನು ತೆರೆದು, ಜಪಾನಿನಿಂದ ತಜ್ಞರನ್ನು ಕರೆಸಿ, ಹುಳು ಸಾಕುವ ಮತ್ತು ನೂಲು ತೆಗೆಯುವ ಶಾಸ್ತ್ರೀಯ ರೀತಿಯನ್ನು ನಮ್ಮವರಿಗೆ ಕಲಿಸಿದರು. ಬಸವನಗುಡಿಯ ಕಡೆ ಹೋದವರು ತಾತಾ ಸಿಲ್ಕ್ ಫಾರಂ ಎಂಬ ಹೆಸರನ್ನು ಇಂದಿಗೂ ಕೇಳಬಹುದು. ಹಿಪ್ಪುನೇರಳೆ ಮಾತ್ರ ಅಲ್ಲಿ ಹುಡುಕಿದರೂ ಇಲ್ಲ.

ಗಿರಣಿಗಳನ್ನು ನಡೆಸುತ್ತ ನಡೆಸುತ್ತ ಒಂದು ಕೊರತೆಯು ಅವರ ಕಣ್ಣಿಗೆ ಬಿದ್ದಿರಬೇಕು. ಯಂತ್ರವನ್ನು ಹಣ ಕೊಟ್ಟು ತರಬಹುದು. ಅದನ್ನು ತಿದ್ದಬಲ್ಲವನನ್ನೂ ಹಣ ಕೊಟ್ಟು ತರಬಹುದು. ಆದರೆ ಅವನು ವಾಯಿದೆ ಮುಗಿದೊಡನೆ ತನ್ನ ವಿದ್ಯೆಯನ್ನು ಪೆಟ್ಟಿಗೆಯಲ್ಲಿಟ್ಟುಕೊಂಡು ಹಡಗು ಹತ್ತುತ್ತಾನೆ. ಮುಂದಿನ ಯಂತ್ರಕ್ಕೆ ಪುನಃ ಮೊದಲಿನಿಂದ ಆರಂಭ. 1892ರಲ್ಲಿ ಜಮ್‌ಷೇಟ್‌ಜಿಯವರು ಒಂದು ದತ್ತಿಯನ್ನು ಸ್ಥಾಪಿಸಿದರು. ಬುದ್ಧಿವಂತರಾದ ವಿದ್ಯಾರ್ಥಿಗಳು ಹೆಚ್ಚಿನ ವ್ಯಾಸಂಗಕ್ಕೆ ಪರದೇಶಕ್ಕೆ ಹೋಗಲು ಅದರಿಂದ ಹಣ ಸಿಕ್ಕುವುದು. ಅದು ದಾನವಲ್ಲ, ಸಾಲ; ಓದಿ ಬಂದವನು ಸಂಪಾದಿಸಿ ಹಿಂದಿರುಗಿಸಿದರೆ ಆ ಹಣದಿಂದ ಮತ್ತೊಬ್ಬನು ಹೋಗುವನು. ಹಸಿದವನಿಗೆ ಅನ್ನ ಹಾಕುವುದನ್ನು ಅವರು ಹಳಿಯಲಿಲ್ಲ. ಆದರೆ ಸಮರ್ಥನನ್ನು ಮೇಲಕ್ಕೆತ್ತಿದರೆ ಅವನು ಹಲವರನ್ನು ಎತ್ತಿಯಾನೆಂಬುದು ಅವರ ಎಣಿಕೆ. ತುಮಕೂರಿನಲ್ಲಿ ಹುಟ್ಟಿದ ಪರಮಾಣು ವಿಜ್ಞಾನಿ ರಾಜಾ ರಾಮಣ್ಣನವರು ಲಂಡನ್ನಿಗೆ ಹೋದದ್ದು ಈ ದತ್ತಿಯ ನೆರವಿನಿಂದ. 1997ರಲ್ಲಿ ರಾಷ್ಟ್ರಪತಿಗಳಾದ ಕೆ. ಆರ್. ನಾರಾಯಣನ್ ಅವರು ತಿರುವಾಂಕೂರಿನ ಬಡ ದಲಿತ ಕುಟುಂಬದಿಂದ ಲಂಡನ್ನಿನ ಅರ್ಥಶಾಸ್ತ್ರದ ವಿದ್ಯಾಲಯಕ್ಕೆ ಹೋದದ್ದೂ ಇದರಿಂದಲೇ.

ಆದರೆ ಕೆಲವರು ಹೊರಗೆ ಹೋಗಿ ಕಲಿತುಬಂದರೆ ಸಾಲದು. ಹೊಸ ಅರಿವು ಈ ನೆಲದಲ್ಲಿಯೇ ಹುಟ್ಟಬೇಕು. ಈ ಯೋಚನೆಯು ಅವರ ಬಾಳಿನ ಕೊನೆಯ ಹತ್ತು ವರ್ಷಗಳನ್ನು ತುಂಬಿತು. ಬರ್ಜೋರ್‌ಜಿ ಪಾದಷಾ ಎಂಬ ವಿದ್ವಾಂಸರನ್ನು ಯೂರೋಪು ಅಮೆರಿಕಗಳಿಗೆ ಕಳುಹಿಸಿ ಅಲ್ಲಿನ ವಿಶ್ವವಿದ್ಯಾನಿಲಯಗಳನ್ನೂ ಸಂಶೋಧನಾಲಯಗಳನ್ನೂ ನೋಡಿಬರುವಂತೆ ಮಾಡಿದರು. 1898ರಲ್ಲಿ ಬೊಂಬಾಯಿಯಲ್ಲಿದ್ದ ತಮ್ಮ ಕಟ್ಟಡಗಳನ್ನೂ ಭೂಮಿಗಳನ್ನೂ ಈ ಕೆಲಸಕ್ಕಾಗಿ ಕೊಡುವುದಾಗಿ ಸಾರಿದರು. ಅವುಗಳ ಬೆಲೆ 30 ಲಕ್ಷ ರೂಪಾಯಿ, ವರ್ಷದ ಉತ್ಪನ್ನ 1,25,000 ರೂಪಾಯಿ. ಅದೇ ವರ್ಷದ ನವೆಂಬರಿನಲ್ಲಿ ವಿವೇಕಾನಂದರಿಗೂ ಪತ್ರ ಬರೆದು ಅವರ ಬೆಂಬಲವನ್ನು ಕೋರಿದರು. ಐದು ವರ್ಷ ಹಿಂದೆ ಜಪಾನಿನಿಂದ ಅಮೆರಿಕದ ಕಡೆಗೆ ಹೋಗುವ ಒಂದೇ ಹಡಗಿನಲ್ಲಿ ಅವರಿಬ್ಬರೂ ಪ್ರಯಾಣ ಮಾಡಿದ್ದರು.

1898ರ ಡಿಸೆಂಬರು 31ರಂದು, ಭಾರತದ ನೆಲದ ಮೇಲೆ ಆಗತಾನೆ ಕಾಲಿಟ್ಟಿದ್ದ ಹೊಸ ವೈಸರಾಯ್ ಕರ್ಜನ್ ಪ್ರಭುವಿನ ಮುಂದೆ ಈ ಯೋಜನೆಯನ್ನು ಇಡಲಾಯಿತು. ಕರ್ಜನ್ನನಿಗೆ ಎರಡು ಸಂದೇಹಗಳು ಹುಟ್ಟಿದುವು. ಇಷ್ಟು ಉನ್ನತವಾದ ವ್ಯಾಸಂಗಕ್ಕೆ ತಕ್ಕ ವಿದ್ಯಾರ್ಥಿಗಳು ಈ ದೇಶದಲ್ಲಿ ಎಲ್ಲಿಂದ ಬಂದಾರು? ಬಂದು ಕಲಿತರೂ ಅವರಿಗೆ ಉದ್ಯೋಗ ಎಲ್ಲಿ? ಸ್ವದೇಶಾಭಿಮಾನದಿಂದ ಓದುವಾಗ ನಮಗೆ ಈ ಪ್ರಶ್ನೆಗಳಿಂದ ಸಿಟ್ಟು ಬರುತ್ತದೆ. ಆದರೆ ತಾಳ್ಮೆಯಿಂದ ಯೋಚಿಸಿದರೆ ಅವು ಹುರುಳಿಲ್ಲದ ಪ್ರಶ್ನೆಗಳಲ್ಲ. 1901ರ ಜನಗಣತಿಯಲ್ಲಿ ಅಕ್ಷರ ಬಲ್ಲವರು 100ಕ್ಕೆ ಸುಮಾರು 5 ಮಂದಿ. ರಸಾಯನಶಾಸ್ತ್ರವನ್ನು ಕಲಿತವನನ್ನು ಕರೆದು ಕೆಲಸ ಕೊಡುವ ಕಾರ್ಖಾನೆಗಳು ದೇಶದಲ್ಲಿ ಬಹಳ ವಿರಳ. ಇವತ್ತಿಗೂ ನಮ್ಮ ಮನೆಗಳಲ್ಲಿ ಹಿರಿಯರು ಪದವಿಗೆ ಓದುವ ಮಕ್ಕಳನ್ನು ಕೇಳುವುದು ಕರ್ಜನ್ನನ ಎರಡನೆಯ ಪ್ರಶ್ನೆಯನ್ನೇ ಅಲ್ಲವೆ? ಉದ್ಯೋಗವಿಲ್ಲದೆ ವಿದ್ಯೆಗೆ ಬೆಲೆಯಿಲ್ಲ, ವಿದ್ಯೆಯಿಲ್ಲದೆ ಉದ್ಯೋಗ ಹುಟ್ಟುವುದಿಲ್ಲ. ಬೀಜ ಮೊದಲೋ ಮರ ಮೊದಲೋ ಎಂಬಂತಹ ಈ ತೊಡಕಿನಲ್ಲಿ ಬಡದೇಶಗಳು ತಲೆಮಾರುಗಟ್ಟಲೆ ಸಿಕ್ಕಿಬಿದ್ದಿರುತ್ತವೆ.

ಜಮ್‌ಷೇಟ್‌ಜಿಯವರ ಹೆಚ್ಚುಗಾರಿಕೆಯನ್ನು ನಾನು ಕಾಣುವುದು ಇಲ್ಲಿ. ಅವರು ಈ ತೊಡಕನ್ನು ಎರಡು ತುದಿಗಳಿಂದಲೂ ಒಮ್ಮೆಗೇ ಬಿಡಿಸಹೊರಟರು. ಸಂಶೋಧನಾಲಯದ ಯೋಜನೆಯು ಸರಕಾರದ ಕಾಗದಪತ್ರಗಳಲ್ಲಿ ಅಲೆಯುತ್ತಿದ್ದ ವರ್ಷಗಳಲ್ಲಿಯೇ ಅವರು ಉಕ್ಕಿನ ಕಾರ್ಖಾನೆಯ ಹಿಂದೆಯೂ ಬೊಂಬಾಯಿಗೆ ಜಲವಿದ್ಯುತ್ತನ್ನು ತರುವ ಯೋಜನೆಯ ಹಿಂದೆಯೂ ಬಿದ್ದಿದ್ದರು. ಇವು ಮೂರು ಬೇರೆ ಬೇರೆ ಹವ್ಯಾಸಗಳಲ್ಲ. ಒಂದು ಕಡೆ ಕಲಿತವನು ಹೊರಬೀಳಬೇಕು, ಇನ್ನೊಂದು ಕಡೆ ಅವನಿಗೆ ಕೆಲಸವು ಕಾದಿರಬೇಕು.

ಸಂಶೋಧನಾಲಯವು ಎಲ್ಲಿರಬೇಕೆಂದು ನೋಡುವುದಕ್ಕೆ 1900ರಲ್ಲಿ ಆರ್ಗಾನ್ ಮುಂತಾದ ಅನಿಲಗಳನ್ನು ಕಂಡುಹಿಡಿದ ಪ್ರಸಿದ್ಧ ವಿಜ್ಞಾನಿ ವಿಲಿಯಂ ರಾಮ್ಸೆಯವರು ಬಂದು ದೇಶವನ್ನು ಸುತ್ತಿ ಬೆಂಗಳೂರನ್ನು ಸೂಚಿಸಿದರು. ಆಗ ಮೈಸೂರಿನಲ್ಲಿ ವಾಣೀವಿಲಾಸ ಸನ್ನಿಧಾನದವರು ರಾಜಪ್ರತಿನಿಧಿಯಾಗಿದ್ದರು, ದಿವಾನರು ಕೆ. ಶೇಷಾದ್ರಿ ಅಯ್ಯರ್. ಕಾವೇರಿಯ ಶಿವನಸಮುದ್ರದಿಂದ ಕೋಲಾರದ ಚಿನ್ನದ ಗಣಿಗೆ ವಿದ್ಯುಚ್ಛಕ್ತಿ ಒದಗಿಸುವ ಕೆಲಸವನ್ನು ಕೈಗೊಂಡಿದ್ದ ಆ ಸಂಸ್ಥಾನಕ್ಕೆ ಸಂಶೋಧನಾಲಯದ ಬೆಲೆಯನ್ನು ಯಾರೂ ಬಿಡಿಸಿ ಹೇಳಬೇಕಾಗಿರಲಿಲ್ಲ. ಮೈಸೂರು 371 ಎಕರೆ ನೆಲವನ್ನೂ ವರ್ಷಾಶನವನ್ನೂ ಕೊಟ್ಟಿತು. ತಾತಾ ಮನೆತನಕ್ಕೆ ಮೈಸೂರಿನೊಡನೆ ನೆಂಟಸ್ತಿಕೆಯೂ ಬೆಳೆದಿದ್ದಿತು. ಹಿರಿಯ ಮಗ ದೊರಾಬ್‌ಜಿಯವರು ಮದುವೆಯಾದ ಮೆಹರ್‌ಬಾಯಿಯವರು ಮೈಸೂರಿನ ವಿದ್ಯಾ ಇಲಾಖೆಯಲ್ಲಿ ದೊಡ್ಡ ಅಧಿಕಾರದಲ್ಲಿದ್ದ ಎಚ್. ಜೆ. ಭಾಭಾ ಅವರ ಮಗಳು. ಇಷ್ಟಾದರೂ ಸರಕಾರದ ಒಪ್ಪಿಗೆ ಬರಲಿಲ್ಲ. ಒಂದು ವರದಿಯ ಮೇಲೆ ಇನ್ನೊಂದು ವರದಿ ಬಂದಿತು. ಖರ್ಚು ಹೆಚ್ಚಾಯಿತೆಂದು ಆಕ್ಷೇಪಣೆ ಬಂದಿತು.

ಉಕ್ಕಿನ ಕಥೆಯು ಇನ್ನೂ ಉದ್ದವಾದುದು. 1882ರಲ್ಲಿಯೇ ಅವರು ಮಧ್ಯಪ್ರಾಂತದ ಚಾಂದಾ ಜಿಲ್ಲೆಯ ಅದಿರಿನ ಮೇಲೆ ಜರ್ಮನ್ ಭೂವಿಜ್ಞಾನಿಯೊಬ್ಬನು ಬರೆದ ವರದಿಯನ್ನು ಓದಿ ಅದಿರನ್ನೂ ಕಲ್ಲಿದ್ದಲನ್ನೂ ಪರೀಕ್ಷೆಮಾಡಿಸಿದ್ದರು. ಅದಿರು ಒಳ್ಳೆಯದು, ಕಲ್ಲಿದ್ದಲು ಕುಲುಮೆಗೆ ಒದಗದು. ಗಣಿಯ ನಿಯಮಗಳೂ ಕಠಿನವಾಗಿದ್ದುವು. ಹದಿನೇಳು ವರ್ಷ ಆ ವಿಚಾರವನ್ನು ಮನಸ್ಸಿನಲ್ಲಿಯೇ ಇಟ್ಟುಕೊಂಡು, 1899ರಲ್ಲಿ ನಿಯಮಗಳು ಸಡಿಲವಾದೊಡನೆ ಪುನಃ ಎದ್ದರು. 1902ರಲ್ಲಿ, ಅರವತ್ತಮೂರನೆಯ ವಯಸ್ಸಿನಲ್ಲಿ, ಆರೋಗ್ಯ ಕೆಟ್ಟಿದ್ದರೂ ಅಮೆರಿಕಕ್ಕೆ ಹೋಗಿ ಕ್ಲೀವ್‌ಲೆಂಡ್, ಪಿಟ್ಸ್‌ಬರ್ಗ್ ಮುಂತಾದ ಕಡೆಗಳ ಕುಲುಮೆಗಳನ್ನು ನೋಡಿ, ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಪೇಜ್ ಪೆರಿನ್ ಎಂಬ ತಜ್ಞನನ್ನು ಒಪ್ಪಿಸಿದರು. ಅದೇ ವರ್ಷ ಮಗನಿಗೆ ಬರೆದ ಕಾಗದದಲ್ಲಿ, ಇನ್ನೂ ಸ್ಥಳವೇ ಗೊತ್ತಾಗದಿದ್ದ ಉಕ್ಕಿನ ಊರಿನ ಬೀದಿಗಳು ಅಗಲವಾಗಿರಬೇಕೆಂದೂ ಬೇಗ ಬೆಳೆಯುವ ನೆರಳಿನ ಮರಗಳನ್ನು ಹಾಕಿಸಬೇಕೆಂದೂ ಆಟದ ಬಯಲುಗಳಿಗೂ ಎಲ್ಲ ಮತದವರ ಪೂಜಾಸ್ಥಾನಗಳಿಗೂ ಜಾಗ ಬಿಡಬೇಕೆಂದೂ ತಿಳಿಸಿದ್ದರು.

ಅದಿರು ದೊರೆತ ರೀತಿಯನ್ನು ನೋಡಿದರೆ ವಿದ್ಯೆಯೂ ಸಂಪತ್ತೂ ಹೇಗೆ ಹೆಣೆದುಕೊಂಡಿವೆಯೆಂಬುದು ಕಣ್ಣಿಗೆ ಕಟ್ಟುತ್ತದೆ. ಚಾಂದಾದ ಹುಡುಕಾಟ ವ್ಯರ್ಥವಾಯಿತೆಂದು ಹೇಳಲು ನಾಗಪುರದಲ್ಲಿ ಅಧಿಕಾರಿಯೊಬ್ಬನನ್ನು ಕಾಣಹೋದ ದೊರಾಬ್‌ಜಿಯವರು, ಆತನು ಬರುವುದರೊಳಗೆ ಎದುರಿನ ವಸ್ತುಸಂಗ್ರಹಾಲಯವನ್ನು ಹೊಕ್ಕರು. ಅಲ್ಲಿ ಒಂದು ಭೂವಿಜ್ಞಾನದ ನಕ್ಷೆಯಲ್ಲಿ ದುರ್ಗ್ ಜಿಲ್ಲೆಯ ಅದಿರಿನ ಗುರುತು ಕಣ್ಣಿಗೆ ಬಿದ್ದಿತು. ಆ ಅದಿರನ್ನು ಮೊದಲು ಗುರುತಿಸಿದವರು ಭೂವಿಜ್ಞಾನ ಇಲಾಖೆಯಲ್ಲಿದ್ದ ಪ್ರಮಥನಾಥ ಬೋಸರು. ಬಂಗಾಳದ ಆ ಯುವಕ ವಿದ್ಯಾರ್ಥಿವೇತನ ಪಡೆದು ಲಂಡನ್ನಿನಲ್ಲಿ ಓದಿ ಬಂದವರು. ದುರ್ಗ್‌ನಲ್ಲಿಯೂ ಕಲ್ಲಿದ್ದಲು ನೀರುಗಳ ಅನುಕೂಲ ಕೂಡಲಿಲ್ಲ. ಆದರೆ ಅದೇ ಬೋಸರು ನಿವೃತ್ತರಾಗಿ ಮಯೂರಭಂಜ ಸಂಸ್ಥಾನದ ಕೆಲಸದಲ್ಲಿದ್ದಾಗ ಗೋರುಮಹಿಸಾನಿ ಬೆಟ್ಟದಲ್ಲಿ ಇನ್ನೂ ದೊಡ್ಡ ನಿಕ್ಷೇಪವನ್ನು ಕಂಡು 1904ರ ಫೆಬ್ರವರಿ 24ರಂದು ಜಮ್‌ಷೇಟ್‌ಜಿಯವರಿಗೆ ಕಾಗದ ಬರೆದರು. ಕಲ್ಲಿದ್ದಲು ಅಲ್ಲಿಗೆ ಹತ್ತಿರವಿತ್ತು. ಒಬ್ಬ ಹುಡುಗನಿಗೆ ದೊರೆತ ವಿದ್ಯಾರ್ಥಿವೇತನದ ಬಡ್ಡಿಯನ್ನು ಲೆಕ್ಕ ಹಾಕಬಲ್ಲ ಗಣಿತಜ್ಞರು ನಮ್ಮ ಅಧ್ಯಾಪಕರಲ್ಲಿ ಯಾರಾದರೂ ಇದ್ದರೆ ಈ ಲೆಕ್ಕವನ್ನು ದಯಮಾಡಿ ಮಾಡಬೇಕು.

ಜಮ್‌ಷೇಟ್‌ಜಿಯವರು ಮುಂದಿನದನ್ನು ನೋಡಲಿಲ್ಲ. 1903ರ ಡಿಸೆಂಬರಿನಲ್ಲಿ ಬೊಂಬಾಯಿಯ ತಾಜಮಹಲು ಹೋಟೆಲು ತೆರೆಯಿತು. ಅವರ ದೊಡ್ಡ ಯೋಜನೆಗಳಲ್ಲಿ ಅವರು ಕಣ್ಣಾರೆ ಕಂಡದ್ದು ಅದೊಂದೇ. 1904ರಲ್ಲಿ ಚಿಕಿತ್ಸೆಗೆಂದು ಯೂರೋಪಿಗೆ ಹೋದವರು ಮೇ 19ರಂದು ಜರ್ಮನಿಯ ಬಾಡ್ ನೌಹೈಮಿನಲ್ಲಿ ತೀರಿಕೊಂಡರು. ಅವರ ಸಮಾಧಿಯು ಇಂಗ್ಲೆಂಡಿನ ಬ್ರೂಕ್‌ವುಡ್ಡಿನ ಪಾರ್ಸಿ ರುದ್ರಭೂಮಿಯಲ್ಲಿದೆ.

ದೊರಾಬ್‌ಜಿ, ರತನ್‌ಜಿ ಎಂಬ ಇಬ್ಬರು ಮಕ್ಕಳೂ ಪಾದಷಾ ಮೊದಲಾದವರೂ ಕೆಲಸವನ್ನು ಬಿಡಲಿಲ್ಲ. 1907ರಲ್ಲಿ ಉಕ್ಕಿನ ಕಂಪೆನಿಗೆ ಲಂಡನ್ನಿನಲ್ಲಿ ಹಣ ಹುಟ್ಟದೆ ಹೋದಾಗ ಬೊಂಬಾಯಿಯಲ್ಲಿ ಷೇರುಗಳನ್ನು ಮಾರಿದರು. ಸ್ವದೇಶಿ ಚಳವಳಿಯ ದಿನಗಳು ಅವು. ಸುಮಾರು 8,000 ಮಂದಿ ಭಾರತೀಯರು ಮೂರು ವಾರಗಳಲ್ಲಿ ಬೇಕಾದ ಬಂಡವಾಳವನ್ನು ತುಂಬಿಕೊಟ್ಟರು. ಸುವರ್ಣರೇಖಾ ಮತ್ತು ಖರಕಾಯಿ ನದಿಗಳು ಕೂಡುವ ಸಾಕ್ಚಿಯಲ್ಲಿ 1911ರಲ್ಲಿ ಬೀಡುಕಬ್ಬಿಣವೂ 1912ರ ಫೆಬ್ರವರಿಯಲ್ಲಿ ಉಕ್ಕೂ ಹೊರಬಂದುವು. 1919ರಲ್ಲಿ ಆ ಊರು ಜಮ್‌ಷೆಡ್‌ಪುರವಾಯಿತು. ಆ ಕಾಡಿನಲ್ಲಿ ಮೊದಲಿನಿಂದ ನೆಲಸಿದ್ದ ಆದಿವಾಸಿಗಳಿಗೆ ಈ ಸಂಪತ್ತಿನಲ್ಲಿ ಎಷ್ಟು ಪಾಲು ಬಂದಿತೆಂಬುದು ಬೇರೊಂದು ಲೇಖನದ ವಿಷಯ. ಅದನ್ನೂ ಯಾರಾದರೂ ಬರೆಯಬೇಕು. ಮೊದಲಲ್ಲಿ ಕುಲುಮೆಯ ಮುಖ್ಯ ಕೆಲಸಗಳಲ್ಲಿ ಪರದೇಶದವರೇ ಇದ್ದರು. 1921ರಲ್ಲಿ ಅಲ್ಲಿಯೇ ಒಂದು ತಾಂತ್ರಿಕ ವಿದ್ಯಾಲಯವನ್ನು ತೆರೆದ ಮೇಲೆ ಆ ಜಾಗಗಳಿಗೆ ನಮ್ಮವರು ತಯಾರಾಗತೊಡಗಿದರು. ಜಮ್‌ಷೇಟ್‌ಜಿಯವರು ಒಪ್ಪಿಸಿ ತಂದ ಪೆರಿನ್ನನ ಸಂಸ್ಥೆಯೇ ಮುಂದೆ ನಮ್ಮ ಭದ್ರಾವತಿಯ ಕಬ್ಬಿಣದ ಕಾರ್ಖಾನೆಗೂ ಸಲಹೆಗಾರನಾಯಿತು. 1923ರಲ್ಲಿ ಅದರ ಕುಲುಮೆ ಉರಿಯಿತು. ಘಟ್ಟದ ಮಳೆಯನ್ನು ಲೋಣಾವಳದ ಕೆರೆಗಳಲ್ಲಿ ಹಿಡಿದು ಖೋಪೋಲಿಗೆ ಧುಮುಕಿಸಿ ಪಡೆದ ವಿದ್ಯುತ್ತು 1915ರಲ್ಲಿ ಬೊಂಬಾಯಿಯ ಗಿರಣಿಗಳನ್ನು ಮುಟ್ಟಿತು.

ಬೆಂಗಳೂರಿನ ಸಂಸ್ಥೆಗೆ ಸರಕಾರದ ಒಪ್ಪಿಗೆ ದೊರೆತದ್ದು 1909ರಲ್ಲಿ. 1911ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರು ಅದಕ್ಕೆ ಅಡಿಗಲ್ಲಿಟ್ಟರು. ಅದೇ ವರ್ಷ ಬಂದ ಮೊದಲ ವಿದ್ಯಾರ್ಥಿಗಳು 24 ಮಂದಿ. ವಿದ್ಯಾರ್ಥಿಗಳು ಎಲ್ಲಿಂದ ಬಂದಾರೆಂಬ ಪ್ರಶ್ನೆಗೆ ಅದು ಉತ್ತರ. ಎರಡನೆಯ ಪ್ರಶ್ನೆಗೆ ಉತ್ತರ ಬರಲು ಇನ್ನು ಮೂರು ವರ್ಷ ಸಾಕಾಯಿತು. ಮೈಸೂರಿನ ಗಂಧದ ಮರವು ಆವರೆಗೆ ಜರ್ಮನಿಗೆ ಹೋಗಿ ಅಲ್ಲಿ ಎಣ್ಣೆಯಾಗುತ್ತಿದ್ದಿತು. ಮರದ ಬೆಲೆ ನಮಗೆ, ಎಣ್ಣೆಯ ಬೆಲೆ ಅವರಿಗೆ. 1914ರಲ್ಲಿ ಮಹಾಯುದ್ಧವು ಆರಂಭವಾಗಿ ಆ ದಾರಿ ಮುಚ್ಚಿದಾಗ ಗಂಧವು ಕೊಳ್ಳುವವರಿಲ್ಲದೆ ಉಳಿಯಿತು. ವಿಶ್ವೇಶ್ವರಯ್ಯನವರು ಆಗ ದಿವಾನರು. ಸಂಸ್ಥೆಯ ಪ್ರಾಧ್ಯಾಪಕರಾದ ಸಡ್‌ಬರೋ ಮತ್ತು ವಾಟ್ಸನ್ ಅವರು ತಮ್ಮ ಪ್ರಯೋಗಶಾಲೆಯಲ್ಲಿ ಎಣ್ಣೆ ಇಳಿಸುವ ಕ್ರಮವನ್ನು ಸಿದ್ಧಪಡಿಸಿಕೊಟ್ಟರು. 1916ರಲ್ಲಿ ಬೆಂಗಳೂರಿನಲ್ಲಿಯೂ ಮರುವರ್ಷ ಮೈಸೂರಿನಲ್ಲಿಯೂ ಸರಕಾರದ ಗಂಧದೆಣ್ಣೆಯ ಕಾರ್ಖಾನೆಗಳು ತೆರೆದುವು. ಆ ಎಣ್ಣೆಯಿಂದ ಹುಟ್ಟಿದ ಸಾಬೂನು ಇಂದಿಗೂ ನಮ್ಮ ಮನೆಗಳಲ್ಲಿದೆ.

ಒಂದು ಮಾತು ಮಾತ್ರ ನನಗೆ ಅರೆಯಾಗಿ ತೋರುತ್ತದೆ. ಜಮ್‌ಷೇಟ್‌ಜಿಯವರು ಶಿಖರದಿಂದ ಕಟ್ಟಲು ತೊಡಗಿದರು; 100ಕ್ಕೆ 95 ಮಂದಿ ನಿರಕ್ಷರರಾಗಿದ್ದ ದೇಶದಲ್ಲಿ ಹಳ್ಳಿಯ ಪ್ರಾಥಮಿಕ ಶಾಲೆಯು ಅವರ ದೊಡ್ಡ ಯೋಜನೆಯೊಳಗೆ ಬರಲಿಲ್ಲ. ಅದೇ ಕಾಲದ ಜಪಾನು ಎರಡನ್ನೂ ಒಟ್ಟಿಗೆ ಮಾಡಿತು. ಆದರೆ ಮಕ್ಕಳಿಗೆಲ್ಲ ಅಕ್ಷರ ಕಲಿಸುವುದು ಒಬ್ಬ ವರ್ತಕನಿಂದ ಆಗುವ ಕೆಲಸವಲ್ಲ, ಅದು ರಾಜ್ಯದ ಕೆಲಸ. ಆ ಕೆಲಸವನ್ನು ಮಾಡಬೇಕಾಗಿದ್ದ ಸರಕಾರವೇ ವಿದ್ಯಾರ್ಥಿಗಳು ಎಲ್ಲಿಂದ ಬಂದಾರೆಂದು ಕೇಳುತ್ತಿದ್ದಿತು!

ತಾವು ಹಣ ಕೊಟ್ಟ ಆ ಸಂಸ್ಥೆಗೆ ತಮ್ಮ ಹೆಸರು ಬೇಡವೆಂದು ಜಮ್‌ಷೇಟ್‌ಜಿಯವರು ಬಯಸಿದ್ದರು. ಅದರಂತೆಯೇ ಅದಕ್ಕೆ ಭಾರತೀಯ ವಿಜ್ಞಾನ ಸಂಸ್ಥೆಯೆಂಬ ಹೆಸರಾಯಿತು. ಬೆಂಗಳೂರಿನ ಜನ ಮಾತ್ರ ಅದನ್ನು ತಾತಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುತ್ತ ಬಂದಿದ್ದಾರೆ.